ಎಸಿ ಕಂಪ್ರೆಸರ್ ಸ್ಟಾರ್ಟ್ ಆಗ್ತಿಲ್ವಾ? ‘ಸುಟ್ಟೋಗಿದೆ’ ಅಂತ ಒಪ್ಪೋ ಮುಂಚೆ ಅಳೆದು ನೋಡಬೇಕಾದ್ದು ಇಷ್ಟು

ನಲ್ಲೂರು (ದೇವನಹಳ್ಳಿ ತಾಲ್ಲೂಕು): 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ನಮ್ಮೂರ ಹುಣಸೆ ತೋಪಿನೊಳಗೆ ಏಪ್ರಿಲ್ ಮಧ್ಯಾಹ್ನವೂ ತಂಪಿರುತ್ತದೆ. ರಸ್ತೆ ಬದಿಯ ಕಾಂಕ್ರೀಟ್ ಮಳಿಗೆಗಳಿಗೆ ಆ ಭಾಗ್ಯ ಇಲ್ಲ. ಮೆಡಿಕಲ್ ಸ್ಟೋರ್, ಬೇಕರಿ, ಮೊಬೈಲ್ ಅಂಗಡಿ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಸೆಂಟರ್ ಇಂಥ ಕಡೆ ಈಗ ಎಸಿ ಶೋಕಿಯ ವಸ್ತುವಲ್ಲ, ವ್ಯಾಪಾರಕ್ಕೇ ಬೇಕು. ಒಳಗೆ ಜಾಗ ಇಲ್ಲ ಅಂತ ಔಟ್‌ಡೋರ್ ಯೂನಿಟ್ಟನ್ನು ತಾರಸಿ ಮೇಲೆ ಕೂರಿಸಿರುತ್ತಾರೆ. ಬಿಸಿಲು, ಮಳೆ, ಧೂಳು, ಇರುವೆ ಎಲ್ಲವನ್ನೂ ತಡೆದುಕೊಳ್ಳಬೇಕಾದ್ದು ಅದೇ.

ಒಂದು ದಿನ ಅದು ಕೈಕೊಡುತ್ತದೆ. ಒಳಗಿನ ಯೂನಿಟ್ಟಿನಿಂದ ಗಾಳಿ ಬರುತ್ತೆ, ತಣ್ಣಗಿರಲ್ಲ. ಮೇಲೆ ಹೋಗಿ ನೋಡಿದರೆ ಕಂಪ್ರೆಸರ್ ‘ಹೂಂ’ ಅಂತ ಗುಂಯ್‌ಗುಟ್ಟಿ ಟಕ್ ಅಂತ ನಿಲ್ಲುತ್ತೆ. ಬಂದ ಮೆಕ್ಯಾನಿಕ್ ಮುಟ್ಟಿ ನೋಡಿ, ‘ಕಂಪ್ರೆಸರ್ ಹೋಗಿದೆ ಸಾರ್, ಚೇಂಜ್ ಮಾಡಬೇಕು’ ಅಂದರೆ ಖರ್ಚು ಹತ್ತು ಸಾವಿರ ದಾಟಿತು ಅಂತಲೇ ಲೆಕ್ಕ. ಆದರೆ ಇದೇ ಲಕ್ಷಣ ಕೆಲವು ನೂರು ರೂಪಾಯಿಯ ಕೆಪಾಸಿಟರ್ ಹೋದಾಗಲೂ ಬರುತ್ತದೆ. ವೋಲ್ಟೇಜ್ ಕಮ್ಮಿ ಇದ್ದಾಗಲೂ ಬರುತ್ತದೆ. ತಾರಸಿ ಮೇಲೆ ವೈರಿನ ಜಾಯಿಂಟ್ ಸುಟ್ಟಾಗಲೂ ಬರುತ್ತದೆ.

ಆದ್ದರಿಂದ ಹೇಳಬೇಕಾದ ಮಾತು ಒಂದೇ: ‘ಕಂಪ್ರೆಸರ್ ಸುಟ್ಟಿದೆ’ ಅನ್ನೋದು ಕೊನೆಯ ತೀರ್ಮಾನ ಆಗಬೇಕು, ಮೊದಲನೆಯದಲ್ಲ. ಆ ತೀರ್ಮಾನಕ್ಕೆ ಬರೋ ಮುಂಚೆ ಯಾವ ಕ್ರಮದಲ್ಲಿ ಏನೇನು ಅಳೆಯಬೇಕು ಅನ್ನೋದು ಇಲ್ಲಿದೆ. ಮೀಟರ್ ಹಿಡಿಯುವ ಕೆಲಸ ಗೊತ್ತಿರುವ ಮೆಕ್ಯಾನಿಕ್ ಅಥವಾ ಪರ್ಮಿಟ್ ಇರುವ ವೈರ್‌ಮನ್‌ನದು. ಪಕ್ಕದಲ್ಲಿ ನಿಂತು ರೀಡಿಂಗ್ ಕೇಳುವುದು, ಬರೆದಿಟ್ಟುಕೊಳ್ಳುವುದು ನಿಮ್ಮದು.

ಮೊದಲು ಜೀವ, ಆಮೇಲೆ ಎಸಿ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಕರೆಂಟ್ ಆಫ್ ಆದಂತಲ್ಲ. ಔಟ್‌ಡೋರ್ ಯೂನಿಟ್ಟಿನ ಮುಚ್ಚಳ ತೆಗೆಯುವ ಮೊದಲು ಎಸಿಯ ಎಂಸಿಬಿ ಇಳಿಸಿ. ಕೆಳಗಿರುವವರು ಗೊತ್ತಿಲ್ಲದೆ ಮೇಲೆತ್ತದ ಹಾಗೆ ಅದಕ್ಕೆ ಟೇಪ್ ಸುತ್ತಿ ಚೀಟಿ ಅಂಟಿಸಿ, ಇಲ್ಲವೇ ಒಬ್ಬರನ್ನು ಅಲ್ಲೇ ನಿಲ್ಲಿಸಿ.

ಮೇನ್ ಆಫ್ ಆದ ಮೇಲೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ. ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಹಳೇ ಅಭ್ಯಾಸ ಬೇಡ. ಹಳೇ ಕಾಲದ ತಂತಿ ಬಲ್ಬನ್ನು ಹೋಲ್ಡರ್ ಸಮೇತ ಎರಡು ವೈರಿಗೆ ಕಟ್ಟಿ, ಅದರ ಮೂಲಕ ಚಾರ್ಜ್ ಇಳಿಸಿ, ಆಮೇಲೆ ಮೀಟರಿನಲ್ಲಿ ಸೊನ್ನೆ ಬಂದಿದೆಯಾ ನೋಡುವುದು ಸರಿಯಾದ ಕ್ರಮ. ಇನ್ವರ್ಟರ್ ಎಸಿಯ ಬೋರ್ಡಿನಲ್ಲಿ 300 ವೋಲ್ಟ್‌ಗೂ ಹೆಚ್ಚಿನ ಡಿಸಿ ಉಳಿದಿರುತ್ತದೆ. ಅದನ್ನು ಆಫ್ ಮಾಡಿ ಕನಿಷ್ಠ 10 ನಿಮಿಷ ಬಿಟ್ಟು, ಅಳೆದೇ ಕೈ ಹಾಕಬೇಕು.

ಕಂಪ್ರೆಸರ್ ತಲೆ ಮೇಲಿನ ಟರ್ಮಿನಲ್ ಮುಚ್ಚಳ ತೆಗೆದಿರುವಾಗ ಕರೆಂಟ್ ಕೊಡಲೇಬಾರದು. ಒಳಗೆ ಗ್ಯಾಸಿನ ಒತ್ತಡ ಇರುತ್ತೆ. ಸುಟ್ಟು ಸಡಿಲವಾದ ಪಿನ್ ಹಾರಿದರೆ ಎಣ್ಣೆ, ಗ್ಯಾಸ್ ಎರಡೂ ಮುಖಕ್ಕೆ ಚಿಮ್ಮುತ್ತವೆ. ಪಿನ್ನಿನ ಸುತ್ತ ಎಣ್ಣೆ ಜಿನುಗಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಈಗಿನ ಎಷ್ಟೋ ಎಸಿಗಳಲ್ಲಿರುವ ಆರ್32 ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವಿದೆ. ಕೆಲವು ಯೂನಿಟ್‌ಗಳಲ್ಲಿ ಬಳಸುವ ಆರ್290 ಅಂದರೆ ಪ್ರೊಪೇನ್, ಅದು ಚೆನ್ನಾಗೇ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಲೀಕ್ ಅನುಮಾನ ಇದ್ದರೆ ಹತ್ತಿರ ಬೀಡಿ, ಸಿಗರೇಟ್, ಕಿಡಿ ಯಾವುದೂ ಬೇಡ.

ತಾರಸಿ ಒದ್ದೆ ಇದ್ದರೆ, ಗುಡುಗು ಇದ್ದರೆ ಆ ದಿನ ಮೇಲೆ ಹತ್ತಬೇಡಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಇಳಿಸಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಒಳಗೆ ಏನಿದೆ ಅಂತ ಸ್ವಲ್ಪ ತಿಳಿದಿರಲಿ

ಎಸಿ ಎರಡು ಬಗೆ. ಒಂದು, ಹಳೇ ಮಾದರಿಯ ಫಿಕ್ಸೆಡ್ ಸ್ಪೀಡ್ ಎಸಿ. ಓಡಿದರೆ ಪೂರ್ತಿ ವೇಗ, ಇಲ್ಲವಾದರೆ ಬಂದ್. ಇನ್ನೊಂದು ಇನ್ವರ್ಟರ್ ಎಸಿ. ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ಎರಡರ ಪರೀಕ್ಷೆಯೂ ಬೇರೆ ಬೇರೆ. ಮೊದಲು ಫಿಕ್ಸೆಡ್ ಸ್ಪೀಡ್ ವಿಷಯ ನೋಡೋಣ.

ಕಂಪ್ರೆಸರ್ ಅಂದರೆ ಕಬ್ಬಿಣದ ಡಬ್ಬಿಯೊಳಗೆ ಸೀಲ್ ಮಾಡಿದ ಮೋಟಾರು ಮತ್ತು ಗ್ಯಾಸ್ ಒತ್ತುವ ಪಂಪು. ಮೋಟಾರಿನಲ್ಲಿ ಎರಡು ವೈಂಡಿಂಗ್: ಓಡಿಸುವ ರನ್ ವೈಂಡಿಂಗ್, ಎಬ್ಬಿಸುವ ಸ್ಟಾರ್ಟ್ ವೈಂಡಿಂಗ್. ಹೊರಗೆ ಕಾಣುವ ಮೂರು ಪಿನ್ನುಗಳೇ ಸಿ, ಎಸ್, ಆರ್. ಅಂದರೆ ಕಾಮನ್, ಸ್ಟಾರ್ಟ್, ರನ್. ಸ್ಟಾರ್ಟ್ ವೈಂಡಿಂಗಿಗೆ ಕೆಪಾಸಿಟರ್ ಮೂಲಕ ಕರೆಂಟ್ ಹೋಗುತ್ತದೆ. ಬಾವಿ ಪಂಪ್‌ಸೆಟ್ಟಿನ ಸಿಂಗಲ್ ಫೇಸ್ ಮೋಟಾರ್ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಕೆಪಾಸಿಟರ್ ಹೋದರೆ ಮೋಟಾರು ಗುಂಯ್ ಅನ್ನುತ್ತೆ, ತಿರುಗಲ್ಲ. ಇಲ್ಲೂ ಅದೇ ಕಥೆ.

ಇದರ ಜೊತೆಗೆ ಓವರ್‌ಲೋಡ್ ಅಂತ ಒಂದು ಕಾವಲುಗಾರ ಇರುತ್ತಾನೆ. ಕಂಪ್ರೆಸರ್ ಮಿತಿಮೀರಿ ಬಿಸಿಯಾದರೆ ಅಥವಾ ಹೆಚ್ಚು ಕರೆಂಟ್ ಎಳೆದರೆ ಅದು ಲೈನ್ ಕತ್ತರಿಸುತ್ತದೆ. ತಣ್ಣಗಾದ ಮೇಲೆ ತಾನೇ ಜೋಡಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಕ್ಷಣ ಏನು ಹೇಳುತ್ತೆ?

ಮೀಟರ್ ತೆಗೆಯುವ ಮೊದಲೇ ಈ ಲಕ್ಷಣಗಳನ್ನು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

• ಔಟ್‌ಡೋರ್ ಫ್ಯಾನೂ ಇಲ್ಲ, ಕಂಪ್ರೆಸರ್ ಸದ್ದೂ ಇಲ್ಲ: ಮೇಲಕ್ಕೆ ಕರೆಂಟೇ ಹೋಗುತ್ತಿಲ್ಲ. ವೈರ್, ರಿಲೇ, ಒಳಗಿನ ಬೋರ್ಡ್ ನೋಡಬೇಕು.

• ಫ್ಯಾನ್ ತಿರುಗುತ್ತೆ, ಕಂಪ್ರೆಸರ್ ಗುಂಯ್‌ಗುಟ್ಟಿ ಕೆಲವು ಸೆಕೆಂಡಿಗೆ ಟಕ್ ಅನ್ನುತ್ತೆ: ಕೆಪಾಸಿಟರ್, ಕಮ್ಮಿ ವೋಲ್ಟೇಜ್, ಇಲ್ಲವೇ ಕಂಪ್ರೆಸರ್ ಜಾಮ್.

• ಕಂಪ್ರೆಸರ್ ಓಡುತ್ತೆ, ಫ್ಯಾನ್ ನಿಂತಿದೆ: ಫ್ಯಾನಿನ ಕೆಪಾಸಿಟರ್ ಅಥವಾ ಮೋಟಾರು. ಹೀಗೇ ಓಡಿಸಿದರೆ ಚೆನ್ನಾಗಿರುವ ಕಂಪ್ರೆಸರ್ ಕೂಡ ಕಾದು ಹಾಳಾಗುತ್ತೆ. ತಕ್ಷಣ ಆಫ್ ಮಾಡಿ.

• ಕಾಲು ಗಂಟೆ ಓಡಿ ನಿಲ್ಲುತ್ತೆ, ತುಂಬಾ ಹೊತ್ತಾದ ಮೇಲೆ ಮತ್ತೆ ಓಡುತ್ತೆ: ಓವರ್‌ಲೋಡ್ ಕತ್ತರಿಸುತ್ತಿದೆ. ಕಾಯಿಲಿನಲ್ಲಿ ಧೂಳು, ಗ್ಯಾಸ್ ಕಮ್ಮಿ, ವೋಲ್ಟೇಜ್ ತೊಂದರೆ ಯಾವುದೂ ಇರಬಹುದು.

• ಎಂಸಿಬಿ ಮೇಲೆತ್ತಿದ ಕ್ಷಣವೇ ಬೀಳುತ್ತೆ: ಎಲ್ಲೋ ಶಾರ್ಟ್ ಆಗಿದೆ. ಮತ್ತೆ ಮತ್ತೆ ಮೇಲೆತ್ತಿ ನೋಡಬೇಡಿ.

• ಎಂಸಿಬಿ ಸರಿ ಇದೆ, ಆರ್‌ಸಿಸಿಬಿ ಬೀಳುತ್ತೆ: ಕರೆಂಟ್ ಅರ್ತಿಂಗಿಗೆ ಸೋರುತ್ತಿದೆ. 30 ಮಿಲಿಆಂಪ್ ಸೋರಿಕೆಗೇ ಬೀಳುವ ಹಾಗೆ ಇರುವ ಸಾಧನ ಅದು, ನಿಮ್ಮ ಜೀವ ಕಾಯಲು ಹಾಕಿರುವುದು. ಬೀಳುತ್ತೆ ಅಂತ ಅದನ್ನೇ ಬೈಪಾಸ್ ಮಾಡಿಸಬೇಡಿ.

ಹೆಜ್ಜೆ 1: ವೋಲ್ಟೇಜ್

ಟೆಸ್ಟರ್ ಲೈಟ್ ಹೊತ್ತಿದರೆ ಕರೆಂಟ್ ಇದೆ ಅಂತಷ್ಟೇ ಗೊತ್ತಾಗುತ್ತೆ, ಎಷ್ಟಿದೆ ಅಂತ ಗೊತ್ತಾಗಲ್ಲ. ಮೀಟರಿನಲ್ಲೇ ಅಳೆಯಬೇಕು. ಮನೆ, ಅಂಗಡಿಗೆ ಬರಬೇಕಾದ್ದು 230 ವೋಲ್ಟ್. ಎಲ್‌ಟಿ ಲೈನಿಗೆ ಶೇ 6ರ ಏರಿಳಿತ ಮಿತಿ. ಅಂದರೆ ಸುಮಾರು 216ರಿಂದ 244ರ ಒಳಗೆ ಇರಬೇಕು.

ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 184 ವೋಲ್ಟ್ ಬಂದರೆ ವೋಲ್ಟೇಜ್ ಇಳಿದಿದ್ದು ಶೇ 20, ಆದರೆ ಸ್ಟಾರ್ಟ್ ಆಗುವ ಬಲ ಉಳಿಯುವುದು ಶೇ 64 ಮಾತ್ರ. ಕಂಪ್ರೆಸರ್ ಎದ್ದೇಳಲಾರದೆ ಗುಂಯ್‌ಗುಟ್ಟುವುದು ಇದಕ್ಕೇ. ಅದರಲ್ಲಿ ಕಂಪ್ರೆಸರಿನ ತಪ್ಪೇನೂ ಇಲ್ಲ.

ಒಂದೇ ಸಲ ಅಳೆದರೆ ಸಾಲದು. ಬೆಳಗ್ಗೆ, ನಡು ಮಧ್ಯಾಹ್ನ, ಸಂಜೆ ದೀಪ ಹಚ್ಚೋ ಹೊತ್ತು, ಮೂರು ಸಲ ಅಳೆದು ಬರೆದಿಡಿ. ನಿಮ್ಮ ಟ್ರಾನ್ಸ್‌ಫಾರ್ಮರ್ ಮೇಲೆ ಪಂಪ್‌ಸೆಟ್ಟುಗಳೂ ಇದ್ದರೆ ಅವು ಓಡುವ ಹೊತ್ತಲ್ಲೂ ನೋಡಿ. ಎಸಿ ಸ್ಟಾರ್ಟ್ ಆಗುವ ಆ ಎರಡು ಸೆಕೆಂಡಿನಲ್ಲಿ ವೋಲ್ಟೇಜ್ ಎಷ್ಟಕ್ಕೆ ಬೀಳುತ್ತೆ ಅನ್ನೋದೇ ಮುಖ್ಯ ರೀಡಿಂಗ್.

ವೋಲ್ಟೇಜ್ 270, 280ಕ್ಕೆ ಏರಿದ್ದರೆ, ಕೆಲವು ದೀಪ ಪ್ರಕಾಶಮಾನವಾಗಿ ಕೆಲವು ಮಂಕಾಗಿ ಉರಿಯುತ್ತಿದ್ದರೆ ನ್ಯೂಟ್ರಲ್ ಕಿತ್ತಿರುವ ಅನುಮಾನ. ಆಗ ಅಂಗಡಿಯ ಮೇನ್ ಇಳಿಸಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ತಕ್ಷಣ ಕರೆ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಎಸಿ ಅಷ್ಟೇ ಅಲ್ಲ, ಫ್ರಿಜ್ಜು, ಬಿಲ್ಲಿಂಗ್ ಮೆಷಿನ್ ಎಲ್ಲ ಹೋಗುವ ಸಂದರ್ಭ ಅದು.

ಹೆಜ್ಜೆ 2: ತಾರಸಿಗೆ ಹೋಗುವ ವೈರ್

ನಮ್ಮ ಕಡೆ ಅಂಗಡಿಗಳಲ್ಲಿ ಮೀಟರ್ ಬೋರ್ಡ್ ಕೆಳಗೆ ಮುಂದುಗಡೆ, ಔಟ್‌ಡೋರ್ ಯೂನಿಟ್ ಮೇಲೆ ಹಿಂದುಗಡೆ. ನಡುವೆ ವೈರ್ 25-30 ಮೀಟರ್ ಓಡುವುದು ಸಾಮಾನ್ಯ. ಇಲ್ಲಿ ಉಳಿತಾಯಕ್ಕೆ ಹೋಗಿ ತೆಳು ವೈರ್ ಎಳೆದರೆ ಏನಾಗುತ್ತೆ ಅಂತ ಲೆಕ್ಕ ಹಾಕೋಣ.

1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ತಡೆ. 30 ಮೀಟರ್ ದೂರಕ್ಕೆ ಹೋಗಿ ಬರುವ ಉದ್ದ 60 ಮೀಟರ್, ಅಂದರೆ ತಡೆ ಸುಮಾರು 0.73 ಓಮ್. ಒಂದೂವರೆ ಟನ್ ಎಸಿ ಓಡುವಾಗ 8 ಆಂಪ್ ಎಳೆದರೆ ವೈರಿನಲ್ಲೇ ಸುಮಾರು 6 ವೋಲ್ಟ್ ನಷ್ಟ. ಪರವಾಗಿಲ್ಲ ಅನ್ನಿಸಬಹುದು. ಆದರೆ ಸ್ಟಾರ್ಟ್ ಆಗುವ ಕ್ಷಣ ಕಂಪ್ರೆಸರ್ ಐದು ಪಟ್ಟು, 40 ಆಂಪ್‌ವರೆಗೂ ಎಳೆಯುತ್ತದೆ. ಆಗ ನಷ್ಟ 29 ವೋಲ್ಟ್. ಬೋರ್ಡಿನಲ್ಲಿ 215 ಇದ್ದರೆ ಮೇಲೆ ಸಿಗುವುದು 186. ಅದೇ ದೂರಕ್ಕೆ 2.5 ಚದರ ಮಿಲಿಮೀಟರ್ ವೈರ್ ಹಾಕಿದ್ದರೆ ಸ್ಟಾರ್ಟಿಂಗ್ ನಷ್ಟ 18 ವೋಲ್ಟ್, 4 ಚದರ ಮಿಲಿಮೀಟರ್ ಹಾಕಿದ್ದರೆ ಇನ್ನೂ ಕಮ್ಮಿ.

ಆದ್ದರಿಂದ ವೋಲ್ಟೇಜನ್ನು ಎರಡು ಕಡೆ ಅಳೆಸಿ: ಕೆಳಗೆ ಎಂಸಿಬಿ ಹತ್ತಿರ ಒಮ್ಮೆ, ಮೇಲೆ ಔಟ್‌ಡೋರ್ ಯೂನಿಟ್ಟಿನ ಟರ್ಮಿನಲ್‌ನಲ್ಲಿ ಒಮ್ಮೆ. ಕೆಳಗೆ ಸರಿ ಇದ್ದು ಮೇಲೆ ತೀರಾ ಕಮ್ಮಿ ಇದ್ದರೆ ತೊಂದರೆ ನಿಮ್ಮ ವೈರಿಂಗಿನಲ್ಲಿದೆ. ಎರಡೂ ಕಡೆ ಕಮ್ಮಿ ಇದ್ದರೆ ಬೆಸ್ಕಾಂ ಲೈನಿನಲ್ಲಿದೆ, ಇಲ್ಲವೇ ಮೀಟರಿನಿಂದ ಎಂಸಿಬಿಗೆ ಬರುವ ದಾರಿಯಲ್ಲಿದೆ.

ಮೇಲೆ ಹೋದಾಗ ಕಣ್ಣಿಗೆ ಕಾಣುವುದನ್ನೂ ನೋಡಿ. ನಡುವೆ ಎಲ್ಲಾದರೂ ವೈರ್ ಜೋಡಿಸಿ ಟೇಪ್ ಸುತ್ತಿದ್ದಾರಾ? ಬಿಸಿಲಿಗೆ ಟೇಪ್ ಪುಡಿಯಾಗಿ, ಭರಣಿ ಮಳೆ ಬಿದ್ದ ದಿನ ಅಲ್ಲೇ ಶಾರ್ಟ್ ಆಗುತ್ತೆ. ಟರ್ಮಿನಲ್ ಬ್ಲಾಕ್ ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ, ಸ್ಕ್ರೂ ಸಡಿಲವಾಗಿದೆಯಾ? ಇಲಿ ಕಡಿದ ಗುರುತಿದೆಯಾ? ಸಡಿಲ ಸ್ಕ್ರೂ ಒಂದೇ ಸಾಕು, ಅದು ಕಾದು ಕಾದು ವೈರನ್ನೇ ಸುಡುತ್ತದೆ.

ಹೆಜ್ಜೆ 3: ಕಾಂಟ್ಯಾಕ್ಟರ್, ರಿಲೇ

ಕಂಪ್ರೆಸರಿಗೆ ಕರೆಂಟ್ ಬಿಡುವ ಸ್ವಿಚ್ ಇದು. ಕೆಲವು ಎಸಿಯಲ್ಲಿ ಒಳಗಿನ ಯೂನಿಟ್ಟಿನ ಬೋರ್ಡಿನಲ್ಲಿ ರಿಲೇ ಇರುತ್ತೆ, ದೊಡ್ಡ ಯೂನಿಟ್‌ಗಳಲ್ಲಿ ಹೊರಗೆ ಕಾಂಟ್ಯಾಕ್ಟರ್ ಇರುತ್ತೆ. ಸಾವಿರಾರು ಸಲ ಕೂಡಿ ಬಿಡುವಾಗ ಅದರ ಕಾಂಟ್ಯಾಕ್ಟ್ ಸವೆದು ಕಪ್ಪಾಗುತ್ತದೆ. ಬೆಚ್ಚಗಿನ ಜಾಗ ಅಂತ ಇರುವೆ ಗೂಡು ಕಟ್ಟುತ್ತವೆ. ಕಾಂಟ್ಯಾಕ್ಟ್ ನಡುವೆ ಸತ್ತ ಇರುವೆ, ಹಲ್ಲಿ ಸಿಕ್ಕಿಕೊಂಡು ಎಸಿ ಓಡದೇ ಇರುವುದು ಮೆಕ್ಯಾನಿಕ್‌ಗಳು ಆಗಾಗ ನೋಡುವ ವಿಷಯ.

ಪರೀಕ್ಷೆ ಸರಳ. ಕಾಂಟ್ಯಾಕ್ಟ್ ಕೂಡಿರುವಾಗ ಒಳಬರುವ ಮತ್ತು ಹೊರಹೋಗುವ ತುದಿಗಳ ನಡುವೆ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಕೆಲವು ವೋಲ್ಟ್ ಕಾಣಿಸಿದರೆ ಕಾಂಟ್ಯಾಕ್ಟ್ ಸವೆದಿದೆ. ಪೂರ್ತಿ 230 ಕಾಣಿಸಿದರೆ ಅದು ಕೂಡುತ್ತಲೇ ಇಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಬಿಡುವುದಕ್ಕಿಂತ ಬದಲಾಯಿಸುವುದು ವಾಸಿ.

ಹೆಜ್ಜೆ 4: ಕೆಪಾಸಿಟರ್

ತಾರಸಿ ಬಿಸಿಲಿಗೆ ಮೊದಲು ಸೋಲುವುದು ಇದೇ. ಮೇಲ್ಭಾಗ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತೆ. ಆದರೆ ಹೊರಗೆ ಚೆನ್ನಾಗಿ ಕಾಣುವ ಕೆಪಾಸಿಟರ್ ಒಳಗೆ ಶಕ್ತಿ ಕಳೆದುಕೊಂಡಿರಬಹುದು. ಚಾರ್ಜ್ ಇಳಿಸಿ, ವೈರ್ ಬಿಚ್ಚಿ, ಕೆಪಾಸಿಟೆನ್ಸ್ ಅಳೆಯುವ ಮೀಟರಿನಲ್ಲಿ ನೋಡಬೇಕು. ಕಿಡಿ ಹಾರಿಸಿ ‘ಚೆನ್ನಾಗಿದೆ’ ಅನ್ನೋದು ಪರೀಕ್ಷೆಯಲ್ಲ.

ಒಂದೂವರೆ ಟನ್ ಎಸಿಯಲ್ಲಿ ಸಾಮಾನ್ಯವಾಗಿ 35ರಿಂದ 50 ಮೈಕ್ರೋಫ್ಯಾರಡ್, 440 ವೋಲ್ಟ್ ಕೆಪಾಸಿಟರ್ ಇರುತ್ತೆ. ಮೈಮೇಲೆ ಬರೆದಿರುವ ಅಂಕಿಗೆ ಶೇ 5 ಹೆಚ್ಚುಕಮ್ಮಿ ಇರಬಹುದು. 50 ಅಂತ ಬರೆದಿದ್ದರೆ 47.5ರಿಂದ 52.5ರ ಒಳಗೆ ಬರಬೇಕು. 40 ಬಂದರೆ ಅದು ಹೋಗಿದೆ ಅಂತಲೇ ಅರ್ಥ. ಹೊಸದು ಹಾಕುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ಇರಬೇಕು. ‘ಸ್ವಲ್ಪ ದೊಡ್ಡದು ಹಾಕ್ತೀನಿ, ಜೋರಾಗಿ ಎಳೆಯುತ್ತೆ’ ಅನ್ನೋ ಮಾತಿಗೆ ಒಪ್ಪಬೇಡಿ. ಸ್ಟಾರ್ಟ್ ವೈಂಡಿಂಗ್ ಕಾದು ಸುಡುತ್ತದೆ.

ಫ್ಯಾನ್ ಮೋಟಾರಿಗೂ ಕೆಲವೇ ಮೈಕ್ರೋಫ್ಯಾರಡಿನ ಸಣ್ಣ ಕೆಪಾಸಿಟರ್ ಬೇರೆ ಇರುತ್ತೆ. ಕೆಲವು ಯೂನಿಟ್ಟಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಎರಡನ್ನೂ ಅಳೆಸಿ.

ಹೆಜ್ಜೆ 5: ಕ್ಲ್ಯಾಂಪ್ ಮೀಟರ್

ಕಂಪ್ರೆಸರ್‌ಗೆ ಹೋಗುವ ಕಾಮನ್ ವೈರ್ ಒಂದನ್ನೇ ಕ್ಲ್ಯಾಂಪ್ ಒಳಗೆ ಹಿಡಿದು ಎಸಿ ಆನ್ ಮಾಡಿಸಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಮೀಟರ್ ಏನು ತೋರಿಸುತ್ತೆ ನೋಡಿ:

• ಕ್ಷಣಕಾಲ ಮೇಲೇರಿ, ಯೂನಿಟ್ಟಿನ ನಾಮಫಲಕದಲ್ಲಿರುವ ಆಂಪ್ ಹತ್ತಿರಕ್ಕೆ ಇಳಿದರೆ ಮೋಟಾರು ಸರಿ ಇದೆ.

• 35-40 ಆಂಪ್‌ನಲ್ಲೇ ಕೆಲವು ಸೆಕೆಂಡ್ ನಿಂತು ಸೊನ್ನೆಗೆ ಬಿದ್ದರೆ ಮೋಟಾರು ತಿರುಗಲೇ ಇಲ್ಲ, ಓವರ್‌ಲೋಡ್ ಕತ್ತರಿಸಿದೆ. ವೋಲ್ಟೇಜ್, ಕೆಪಾಸಿಟರ್ ಎರಡೂ ಸರಿ ಇದ್ದೂ ಹೀಗಾದರೆ ಮಾತ್ರ ಕಂಪ್ರೆಸರ್ ಜಾಮ್ ಅನ್ನಬಹುದು.

• ವೋಲ್ಟೇಜ್ ಇದೆ, ಆಂಪ್ ಸೊನ್ನೆ: ವೈಂಡಿಂಗ್ ಕತ್ತರಿಸಿದೆ ಅಥವಾ ಓವರ್‌ಲೋಡ್ ತೆರೆದಿದೆ.

ಒಂದು ಎಚ್ಚರಿಕೆ. ಎಸಿ ನಿಲ್ಲಿಸಿ ತಕ್ಷಣ ಆನ್ ಮಾಡಿದರೂ ಕಂಪ್ರೆಸರ್ ಏಳುವುದಿಲ್ಲ. ಒಳಗಿನ ಒತ್ತಡ ಸಮ ಆಗಲು ಮೂರು ನಿಮಿಷವಾದರೂ ಬೇಕು. ಕರೆಂಟ್ ಹೋಗಿ ಬಂದಾಗಲೂ ಇದೇ ಲೆಕ್ಕ. ಟೈಮ್ ಡಿಲೇ ಇರುವ ಸ್ಟೆಬಿಲೈಸರ್ ಮಾಡುವ ದೊಡ್ಡ ಉಪಕಾರ ಇದು.

ಹೆಜ್ಜೆ 6: ಸಿ, ಎಸ್, ಆರ್ ರೀಡಿಂಗ್

ಈಗ ಕಂಪ್ರೆಸರಿನ ಸರದಿ. ಕರೆಂಟ್ ಆಫ್, ಕೆಪಾಸಿಟರ್ ಚಾರ್ಜ್ ಇಳಿಸಿದ ಮೇಲೆ ಮೂರು ವೈರಿನ ಜಾಗವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಬಿಚ್ಚಬೇಕು. ಮೂರು ಪಿನ್ನುಗಳ ನಡುವೆ ಓಮ್ ಅಳೆಯಬೇಕು.

ಸಿ-ಆರ್ ನಡುವೆ ಎಲ್ಲಕ್ಕಿಂತ ಕಮ್ಮಿ, ಸಿ-ಎಸ್ ನಡುವೆ ಅದಕ್ಕಿಂತ ಹೆಚ್ಚು, ಎಸ್-ಆರ್ ನಡುವೆ ಎರಡೂ ಕೂಡಿದಷ್ಟು ಬರಬೇಕು. ಉದಾಹರಣೆಗೆ 1.5, 2.5 ಮತ್ತು 4 ಓಮ್. ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಆದರೆ ಕೂಡಿಸುವ ಲೆಕ್ಕ ಬದಲಾಗಲ್ಲ. ಲೆಕ್ಕ ತಪ್ಪಿದರೆ ವೈಂಡಿಂಗ್ ಒಳಗೇ ಶಾರ್ಟ್ ಆಗಿರಬಹುದು.

ಇಲ್ಲೇ ಜನ ಮೋಸ ಹೋಗುವುದು. ಸಿ-ಆರ್, ಸಿ-ಎಸ್ ಎರಡರಲ್ಲೂ ಮೀಟರ್ ಏನೂ ತೋರಿಸಲ್ಲ, ಆದರೆ ಎಸ್-ಆರ್ ನಡುವೆ ಸರಿಯಾದ ಓಮ್ ಬರುತ್ತೆ ಅಂದುಕೊಳ್ಳಿ. ‘ವೈಂಡಿಂಗ್ ಕಟ್ ಆಗಿದೆ’ ಅಂತ ತೀರ್ಪು ಕೊಡಬೇಡಿ. ಎರಡೂ ವೈಂಡಿಂಗ್ ಚೆನ್ನಾಗಿವೆ ಅನ್ನೋದಕ್ಕೆ ಎಸ್-ಆರ್ ರೀಡಿಂಗೇ ಸಾಕ್ಷಿ. ಒಳಗಿನ ಓವರ್‌ಲೋಡ್ ಬಿಸಿಗೆ ತೆರೆದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಕಂಪ್ರೆಸರ್ ಮೈ ಮುಟ್ಟಲಾಗದಷ್ಟು ಬಿಸಿ ಇದ್ದರೆ ಎರಡು ಮೂರು ಗಂಟೆ, ಸಾಧ್ಯವಾದರೆ ರಾತ್ರಿಯೆಲ್ಲ ಆರಲು ಬಿಟ್ಟು ಬೆಳಗ್ಗೆ ಮತ್ತೆ ಅಳೆಸಿ. ಪೂರ್ತಿ ಆರಿದ ಮೇಲೂ ತೆರೆದೇ ಇದ್ದರೆ ಆಗ ಕಂಪ್ರೆಸರ್ ಹೋಗಿದೆ ಅನ್ನಿ.

ಎಷ್ಟೋ ರೋಟರಿ ಕಂಪ್ರೆಸರ್‌ಗಳಲ್ಲಿ ಓವರ್‌ಲೋಡ್ ಹೊರಗೇ, ಟರ್ಮಿನಲ್ ಮುಚ್ಚಳದ ಕೆಳಗೆ ಇರುತ್ತದೆ. ಅದು ಮಾತ್ರ ಹೋಗಿದ್ದರೆ ಅದನ್ನಷ್ಟೇ ಬದಲಾಯಿಸಬಹುದು. ಅದಕ್ಕೇ ಓಮ್ ಅನ್ನು ವೈರಿನ ತುದಿಯಲ್ಲಲ್ಲ, ನೇರ ಪಿನ್ನಿನ ಮೇಲೆ ಅಳೆಯಬೇಕು.

ಹೆಜ್ಜೆ 7: ಅರ್ತ್ ಆಗಿದೆಯಾ?

ವೈಂಡಿಂಗ್ ಸರಿ ಇದ್ದರೂ ಅದರ ಇನ್ಸುಲೇಷನ್ ಹಾಳಾಗಿ ಕರೆಂಟ್ ಡಬ್ಬಿಗೆ ತಗುಲುತ್ತಿರಬಹುದು. ಪ್ರತಿ ಪಿನ್ ಮತ್ತು ಕಂಪ್ರೆಸರಿನ ಪೇಂಟ್ ಕೆರೆದ ಜಾಗದ ನಡುವೆ 500 ವೋಲ್ಟ್ ಮೆಗ್ಗರ್ ಹಿಡಿದು ನೋಡಬೇಕು. ಹತ್ತಾರು ಮೆಗಾ ಓಮ್ ಬಂದರೆ ಚೆನ್ನಾಗಿದೆ. 1 ಮೆಗಾ ಓಮ್‌ಗಿಂತ ಕೆಳಗಿದ್ದರೆ ಓಡಿಸಬಾರದು. ಸಾಮಾನ್ಯ ಮೀಟರಿನಲ್ಲೇ ಕೆಲವು ಓಮ್ ತೋರಿಸಿದರೆ ಡೆಡ್ ಅರ್ತ್, ಅಂಥ ಕಂಪ್ರೆಸರಿಗೆ ಮತ್ತೆ ಕರೆಂಟ್ ಕೊಡಬೇಡಿ. ಗ್ಯಾಸ್ ತೆಗೆದು ವ್ಯಾಕ್ಯೂಮ್ ಮಾಡಿರುವಾಗ ಮೆಗ್ಗರ್ ಹಾಕಲೇಬಾರದು, ಒಳಗೆ ಕಿಡಿ ಹಾರಿ ಒಳ್ಳೇ ವೈಂಡಿಂಗೂ ಹಾಳಾಗುತ್ತೆ.

ಇದೇ ಹೊತ್ತಿನಲ್ಲಿ ಅಂಗಡಿಯ ಅರ್ತಿಂಗನ್ನೂ ನೋಡಿಸಿ. ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಮ್ಮಿ ಫೇಸ್-ನ್ಯೂಟ್ರಲ್ ವೋಲ್ಟೇಜೇ ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಅರ್ತಿಂಗ್ ಇಲ್ಲದ ಯೂನಿಟ್ ಅರ್ತ್ ಆದರೆ ತಾರಸಿಯಲ್ಲಿ ಬಟ್ಟೆ ಒಣಹಾಕಲು ಬಂದವರ ಕೈ ಅದಕ್ಕೆ ತಗುಲಿದರೆ ಸಾಕು, ಜೀವಕ್ಕೇ ಅಪಾಯ.

ಇನ್ವರ್ಟರ್ ಎಸಿ ಆದರೆ

ಇದರಲ್ಲಿ ರನ್ ಕೆಪಾಸಿಟರ್ ಇಲ್ಲ, ಸಿ-ಎಸ್-ಆರ್ ಲೆಕ್ಕವೂ ಇಲ್ಲ. ಕಂಪ್ರೆಸರಿನಲ್ಲಿ ಯು, ವಿ, ಡಬ್ಲ್ಯು ಅಂತ ಮೂರು ಪಿನ್. ಯಾವ ಎರಡರ ನಡುವೆ ಅಳೆದರೂ ಓಮ್ ಸಮನಾಗಿ ಬರಬೇಕು. ಒಂದು ಜೋಡಿಯಲ್ಲಿ ಬೇರೆ ಬಂದರೆ ವೈಂಡಿಂಗ್ ತೊಂದರೆ. ಮೆಗ್ಗರ್ ಹಾಕುವ ಮುಂಚೆ ಮೂರೂ ವೈರನ್ನು ಬೋರ್ಡಿನಿಂದ ಬಿಚ್ಚಲೇಬೇಕು, ಇಲ್ಲದಿದ್ದರೆ ಬೋರ್ಡ್ ಸುಡುತ್ತದೆ.

ಡಿಸ್‌ಪ್ಲೇಯಲ್ಲಿ ಬರುವ ಎರರ್ ಕೋಡ್ ಅಥವಾ ಮಿನುಗುವ ಲೈಟಿನ ವಿಡಿಯೋ ಮಾಡಿಟ್ಟುಕೊಳ್ಳಿ. ಕೋಡಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆ ಮಾಡೆಲಿನ ಪುಸ್ತಕದಲ್ಲೇ ನೋಡಬೇಕು. 230 ವೋಲ್ಟ್ ಎಸಿ ಬೋರ್ಡಿನಲ್ಲಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದು ಇಲ್ಲದಿದ್ದರೆ ತೊಂದರೆ ಬೋರ್ಡಿನ ಮೊದಲ ಭಾಗದಲ್ಲಿದೆ, ಕಂಪ್ರೆಸರಿನದ್ದಲ್ಲ.

ಇನ್ವರ್ಟರ್ ಎಸಿಯಲ್ಲಿ ದುಬಾರಿ ತಪ್ಪು ಯಾವುದೆಂದರೆ ಕಂಪ್ರೆಸರ್ ಅಳೆಯದೆ ಹೊಸ ಬೋರ್ಡ್ ಹಾಕುವುದು. ಕಂಪ್ರೆಸರ್ ಶಾರ್ಟ್ ಆಗಿದ್ದರೆ ಹೊಸ ಬೋರ್ಡೂ ಆನ್ ಮಾಡಿದ ಕ್ಷಣವೇ ಹೋಗುತ್ತೆ. ಬೋರ್ಡಿಗೆ ದುಡ್ಡು ಕೊಡುವ ಮೊದಲು ಯು, ವಿ, ಡಬ್ಲ್ಯು ಓಮ್ ಮತ್ತು ಮೆಗ್ಗರ್ ರೀಡಿಂಗ್ ಎರಡನ್ನೂ ಕೇಳಿ. ‘ಸ್ಟೆಬಿಲೈಸರ್ ಬೇಡ’ ಅನ್ನುವ ಮಾಡೆಲ್‌ಗೂ ಒಂದು ವೋಲ್ಟೇಜ್ ಮಿತಿ ಬರೆದಿರುತ್ತಾರೆ. ನಿಮ್ಮ ಬೀದಿಯ ವೋಲ್ಟೇಜ್ ಅದರೊಳಗೆ ಇದೆಯಾ ಅಂತ ಹೊಂದಿಸಿ ನೋಡಿ.

ನಿಜವಾಗಿಯೂ ಸುಟ್ಟಿದ್ದರೆ

ಮೊದಲು ಬಿಲ್ ಹುಡುಕಿ. ಎಸಿಗೆ ಒಂದು ವರ್ಷ ವಾರಂಟಿ ಇದ್ದರೂ ಕಂಪ್ರೆಸರಿಗೆ 5 ಅಥವಾ 10 ವರ್ಷ ಇರುವುದು ಸಾಮಾನ್ಯ. ವಾರಂಟಿ ಇದ್ದರೆ ಹೊರಗಿನವರು ಬಿಚ್ಚುವ ಮೊದಲೇ ಕಂಪನಿಗೆ ದೂರು ಕೊಡಿ. ಬೇರೆಯವರು ಕೈ ಹಾಕಿದ್ದಾರೆ ಅಂತ ವಾರಂಟಿ ನಿರಾಕರಿಸಲು ಅವಕಾಶ ಕೊಡಬೇಡಿ. ನ್ಯಾಯವಾದ ದೂರಿಗೂ ಸ್ಪಂದನೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಸುಟ್ಟ ಕಂಪ್ರೆಸರಿನ ಎಣ್ಣೆ ಆಮ್ಲೀಯವಾಗಿ ಪೈಪಿನೊಳಗೆಲ್ಲ ಹರಡಿರುತ್ತೆ. ಪೈಪ್ ತೊಳೆಯದೆ, ಫಿಲ್ಟರ್ ಡ್ರೈಯರ್ ಬದಲಿಸದೆ, ವ್ಯಾಕ್ಯೂಮ್ ಮಾಡದೆ ಹೊಸದು ಕೂರಿಸಿದರೆ ಅದೂ ಬೇಗ ಹೋಗುತ್ತದೆ. ಮುಖ್ಯವಾಗಿ, ಹಳೇದು ಯಾಕೆ ಸುಟ್ಟಿತು ಅಂತ ತಿಳಿಯದೆ ಹೊಸದು ಹಾಕಿಸಬೇಡಿ. ವೋಲ್ಟೇಜ್ 180 ಇದ್ದದ್ದು 180ರಲ್ಲೇ ಉಳಿದರೆ ಹೊಸ ಕಂಪ್ರೆಸರಿಗೂ ಅದೇ ಗತಿ.

ಮೆಕ್ಯಾನಿಕ್ ಹತ್ತಿರ ಕೇಳಿ

ಜಗಳ ಬೇಡ, ಅನುಮಾನದ ಮಾತೂ ಬೇಡ. ‘ಅಣ್ಣಾ, ಈ ರೀಡಿಂಗ್ ಸ್ವಲ್ಪ ಹೇಳಿಬಿಡಿ, ಬರೆದಿಟ್ಟುಕೊಳ್ತೀನಿ’ ಅಂದರೆ ಸಾಕು. ಕೆಲಸ ಗೊತ್ತಿರುವವರು ಖುಷಿಯಿಂದಲೇ ಹೇಳುತ್ತಾರೆ.

1. ಕೆಳಗೆ ಎಂಸಿಬಿಯಲ್ಲಿ ವೋಲ್ಟೇಜ್ ಎಷ್ಟು, ಮೇಲೆ ಎಷ್ಟು, ಸ್ಟಾರ್ಟ್ ಆಗುವಾಗ ಎಷ್ಟು?

2. ಕೆಪಾಸಿಟರ್ ಮೇಲೆ ಬರೆದಿರುವುದೆಷ್ಟು, ಮೀಟರಿನಲ್ಲಿ ಬಂದದ್ದೆಷ್ಟು?

3. ಸ್ಟಾರ್ಟಿಂಗ್ ಆಂಪ್, ಓಡುವಾಗಿನ ಆಂಪ್ ಎಷ್ಟು?

4. ಸಿ-ಆರ್, ಸಿ-ಎಸ್, ಎಸ್-ಆರ್ ಓಮ್ ಎಷ್ಟೆಷ್ಟು? ಕಂಪ್ರೆಸರ್ ಆರಿದ ಮೇಲೆ ಅಳೆದದ್ದಾ?

5. ಮೆಗ್ಗರ್ ರೀಡಿಂಗ್ ಎಷ್ಟು?

6. ಬದಲಿಸಿದರೆ ಹಳೇ ಭಾಗ ವಾಪಸ್ ಕೊಡ್ತೀರಾ?

ಈ ಆರರ ಉತ್ತರ ಇಲ್ಲದೆ ‘ಕಂಪ್ರೆಸರ್ ಹೋಗಿದೆ’ ಅಂದರೆ ಇನ್ನೊಬ್ಬರಿಗೆ ತೋರಿಸಿ.

ವರ್ಷಕ್ಕೆ ಎರಡು ಸಲ

ಶಿವರಾತ್ರಿ ಆಸುಪಾಸಿನಲ್ಲಿ, ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕಾಯಿಲಿನ ಧೂಳು ತೊಳೆಸಿ, ಟರ್ಮಿನಲ್ ಸ್ಕ್ರೂ ಬಿಗಿ ಮಾಡಿಸಿ, ಕೆಪಾಸಿಟರ್ ಅಳೆಸಿ. ತೊಳೆಯುವಾಗ ಎಂಸಿಬಿ ಇಳಿಸಿರಲಿ, ಎಲೆಕ್ಟ್ರಿಕ್ ಭಾಗಕ್ಕೆ ನೀರು ತಾಗದಿರಲಿ. ಯೂನಿಟ್ ಮೇಲೆ ನೆರಳಿಗೆ ಶೀಟ್ ಹಾಕಬಹುದು, ಆದರೆ ಫ್ಯಾನಿನ ಬಿಸಿ ಗಾಳಿ ಹೋಗುವ ದಾರಿಗೆ ಅಡ್ಡ ಬರಬಾರದು. ಗೋಣಿಚೀಲ, ಖಾಲಿ ಬಾಕ್ಸ್ ಅದಕ್ಕೆ ಒರಗಿಸಿಡಬೇಡಿ.

ಈ ರೀಡಿಂಗ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಎಸಿ ಬಿಲ್ಲಿನ ಜೊತೆ ಇಡಿ. ಎಸಿ ಚೆನ್ನಾಗಿ ಓಡುತ್ತಿರುವಾಗಲೇ ವೋಲ್ಟೇಜ್, ಆಂಪ್, ಕೆಪಾಸಿಟರ್ ಅಂಕಿ ಬರೆದಿಟ್ಟರೆ, ಕೆಟ್ಟ ದಿನ ಏನು ಬದಲಾಗಿದೆ ಅನ್ನೋದು ಆ ಹಾಳೆಯಲ್ಲೇ ಸಿಗುತ್ತದೆ.

ಉಪಯೋಗಕ್ಕೆ ಬರುವ ನಂಬರ್: ಬೆಸ್ಕಾಂ 1912, ಗ್ರಾಹಕ ಸಹಾಯವಾಣಿ 1915, ಆಂಬುಲೆನ್ಸ್ 108, ತುರ್ತು ಸಹಾಯ 112.